ಮಿಶ್ರ ವಿಕಿರಣಶೀಲ ದ್ರವ್ಯಗಳ ಎಣಿಕೆ ಮತ್ತು ಪತ್ತೆಯ ಮಿತಿ: ಒಂದು ಐತಿಹಾಸಿಕ ವಿವೇಚನೆ

ವಿದ್ಯಾಗಿರಿಯಿಂದ ಹೊರಟು ಬಾದಾಮಿಯ ಮಾರ್ಗವಾಗಿ ಮಲಪ್ರಭೆಯ ದಂಡೆಯ ಖ್ಯಾಡ ಗ್ರಾಮಕ್ಕೆ ಹೋಗುವ ವಿದ್ಯಾರ್ಥಿಗಳು ಅಲ್ಲಿಯ ಹಳೆಯ ಶಿಲಾಯುಗದ ಕೈಗೊಡಲಿಗಳ ವಿಷಯವನ್ನು ಕೇಳಿದ ಕೂಡಲೆ, "ಇವುಗಳ ಕಾಲವನ್ನು ಇಂಗಾಲದ ಪರೀಕ್ಷೆಯಿಂದ ಏಕೆ ನಿರ್ಣಯಿಸಬಾರದು?" ಎಂಬ ಪ್ರಶ್ನೆಯನ್ನು ತಪ್ಪದೆ ಎತ್ತುತ್ತಾರೆ. ಈ ಕಣಿವೆಯ ಪ್ರಾಚೀನತೆ ವಿದ್ವಾಂಸರ ಗಮನಕ್ಕೆ ಬಂದು ಬಹುಕಾಲವಾಯಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ ತನ್ನ ಸಮೀಕ್ಷೆಯನ್ನು ೧೮೭೬ರಲ್ಲಿ ಪ್ರಕಟಿಸಿದನು, ಆರ್. ವಿ. ಜೋಶಿಯವರು ಮಲಪ್ರಭಾ ಪಾತ್ರದ ಪದರಗಳನ್ನು ಕ್ರಮವಾಗಿ ಅಭ್ಯಸಿಸಿ ೧೯೫೫ರಲ್ಲಿ ಗ್ರಂಥವನ್ನು ಹೊರತಂದರು. ವಿದ್ಯಾರ್ಥಿಗಳ ಪ್ರಶ್ನೆಗೆ ಎರಡು ಉತ್ತರಗಳಿವೆ. ಕಲ್ಲಿನಲ್ಲಿ ಜೀವಮೂಲದ ಇಂಗಾಲವಿಲ್ಲವೆಂಬುದು ಮೊದಲನೆಯದು. ಇದನ್ನು ಎಲ್ಲರೂ ಒಪ್ಪುತ್ತಾರೆ. ಒಂದು ವೇಳೆ ಆ ಕೊಡಲಿಗಳ ಮಗ್ಗುಲಲ್ಲಿಯೇ ಅದೇ ಕಾಲದ ಇದ್ದಿಲು ದೊರೆತರೂ ಪ್ರಯೋಗಶಾಲೆಯು ಅದಕ್ಕೆ ಕಾಲವನ್ನು ಹೇಳಲಾರದು, "ಇಂತಿಷ್ಟು ವರ್ಷಗಳಿಗಿಂತ ಹಳೆಯದು" ಎಂದು ಮಾತ್ರ ಬರೆದು ಕಳಿಸುವುದು ಎಂಬುದು ಎರಡನೆಯದು. ಈ ಎರಡನೆಯ ಉತ್ತರದಲ್ಲಿರುವ "ಗಿಂತ" ಎಂಬ ಪ್ರತ್ಯಯವೇ ಪ್ರಸ್ತುತ ಪ್ರಬಂಧದ ವಿಷಯ.

ಅಳತೆಯಲ್ಲಿ ಕಾಣದ್ದು ಬೇರೆ, ವಸ್ತುತಃ ಇಲ್ಲದ್ದು ಬೇರೆ. ಇವೆರಡರ ನಡುವೆ ಗೆರೆ ಎಳೆಯುವುದು ಹೇಗೆಂಬುದನ್ನು ವಿಕಿರಣದ ಅಭ್ಯಾಸಿಗಳು ನಿಧಾನವಾಗಿ, ಹಲವು ತಪ್ಪುಗಳ ಬಳಿಕ, ಕಲಿತರು. ಒಂದೇ ಶೀಶೆಯಲ್ಲಿ ಎರಡು ಮೂರು ವಿಕಿರಣಶೀಲ ದ್ರವ್ಯಗಳು ಬೆರೆತಿರುವಾಗ ಆ ಗೆರೆ ಇನ್ನಷ್ಟು ಮಸಕಾಗುತ್ತದೆ. ಇದು ಭೌತವಿಜ್ಞಾನಿಗಳ ಮನೆಯ ಮಾತೆಂದು ಇತಿಹಾಸದ ವಿದ್ಯಾರ್ಥಿಗಳು ದೂರ ಸರಿಯಬೇಕಾಗಿಲ್ಲ. ಹಳ್ಳೂರಿನ ಇದ್ದಿಲಿನಿಂದ ಕೈಗಾದ ನೀರಿನವರೆಗೆ ನಮ್ಮ ನಾಡಿನ ಕೆಲವು ಮುಖ್ಯ ದಾಖಲೆಗಳು ಈ ಎಣಿಕೆಯಿಂದಲೇ ಹುಟ್ಟಿವೆ.

ಇಂಗಾಲ-೧೪ನ್ನು ಮಾರ್ಟಿನ್ ಕಾಮೆನ್ ಮತ್ತು ಸ್ಯಾಮ್ಯುಯೆಲ್ ರೂಬೆನ್ ೧೯೪೦ರಲ್ಲಿ ಕಂಡುಹಿಡಿದರು. ವಿಲ್ಲರ್ಡ್ ಲಿಬ್ಬಿ ಮತ್ತು ಅವನ ಸಂಗಡಿಗರು ಅದನ್ನು ಕಾಲಗಣನೆಯ ಸಾಧನವನ್ನಾಗಿ ಮಾಡಿ ೧೯೪೯ರಲ್ಲಿ ಪ್ರಥಮ ಫಲಿತಗಳನ್ನು ಪ್ರಕಟಿಸಿದರು. ೧೯೬೦ರಲ್ಲಿ ಲಿಬ್ಬಿಗೆ ನೊಬೆಲ್ ಪಾರಿತೋಷಕ ಸಂದಿತು. ಇಂದು ಜೀವಂತವಿರುವ ಗಿಡದ ಒಂದು ಗ್ರಾಂ ಇಂಗಾಲದಲ್ಲಿ ಮಿನಿಟಿಗೆ ಸುಮಾರು ೧೩ರಿಂದ ೧೪ ಪರಮಾಣುಗಳು ಒಡೆಯುತ್ತವೆ. ಅರ್ಧಾಯುಷ್ಯವು ೫೭೩೦ ವರ್ಷ. ಆದುದರಿಂದ ೩೦೦೦ ವರ್ಷ ಹಳೆಯದಾದ ಇದ್ದಿಲಿನಲ್ಲಿ ಮಿನಿಟಿಗೆ ಒಂಬತ್ತಕ್ಕೆ ತುಸು ಮೇಲಾಗಿಯೂ, ೫೦,೦೦೦ ವರ್ಷದ್ದರಲ್ಲಿ ಅರ್ಧ ಗಂಟೆಗೆ ಒಂದರಂತೆಯೂ ಪರಮಾಣುಗಳು ಒಡೆಯುತ್ತವೆಂದು ಲೆಕ್ಕ ಬರುತ್ತದೆ. ಖ್ಯಾಡದ ಕೈಗೊಡಲಿಗಳ ಸಂಪ್ರದಾಯವು ಇದಕ್ಕಿಂತಲೂ ಬಹಳ ಹಿಂದಿನದು.

ಅರ್ಧ ಗಂಟೆಗೆ ಒಂದಾದರೂ ಒಡೆಯುತ್ತದಲ್ಲ, ಕಾದು ಕುಳಿತು ಎಣಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಎಣಿಕೆಯಂತ್ರವು ಬರಿದಾಗಿದ್ದಾಗಲೂ ಎಣಿಸುತ್ತಲೇ ಇರುತ್ತದೆ ಎಂಬುದೇ ಇಲ್ಲಿಯ ತೊಡಕು. ಆಕಾಶದಿಂದ ಇಳಿಯುವ ವಿಶ್ವಕಿರಣಗಳು, ಗೋಡೆಯ ಕಲ್ಲು, ನೆಲ, ಶೀಶೆಯ ಗಾಜು, ಎಣಿಸುವವನ ಮೈಯೊಳಗಿನ ಪೊಟಾಸಿಯಂ ಸಹ ಯಂತ್ರವನ್ನು ಮಿಡಿಸುತ್ತವೆ. ಇದಕ್ಕೆ ಹಿನ್ನೆಲೆ ಎಣಿಕೆಯೆಂದು ಹೆಸರು. ನಮ್ಮ ಜಿಲ್ಲೆಯವರಿಗೆ ಸುಲಭವಾಗಿ ತಿಳಿಯುವಂತೆ ಹೇಳುವುದಾದರೆ, ಇಳಕಲ್ಲಿನ ಕೆಂಪು ಗ್ರಾನೈಟನ್ನು ಹಾಸಿದ ಕೋಣೆಯಲ್ಲಿ ಎಣಿಸಿದರೆ ಹಿನ್ನೆಲೆಯು ಬಾದಾಮಿಯ ಮರಳುಗಲ್ಲಿನ ಕೋಣೆಯಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚಾಗಿರಬೇಕು; ಗ್ರಾನೈಟಿನಲ್ಲಿ ಪೊಟಾಸಿಯಂ, ಯುರೇನಿಯಂ, ಥೋರಿಯಂಗಳ ಅಂಶ ಹೆಚ್ಚು, ಬೆಣಚಿನ ಹರಳುಗಳೇ ತುಂಬಿದ ಮರಳುಗಲ್ಲಿನಲ್ಲಿ ಕಡಿಮೆ. ನಾವು ಸೊಬಗಿಗಾಗಿ ಮೆಚ್ಚುವ ಕಲ್ಲು ಎಣಿಕೆಗಾರನಿಗೆ ಬೇಡವಾದ ಕಲ್ಲು! ಲಿಬ್ಬಿಯು ತನ್ನ ಯಂತ್ರವನ್ನು ದಪ್ಪ ಕಬ್ಬಿಣದ ಗೂಡಿನೊಳಗಿರಿಸಿ, ಅದರ ಸುತ್ತ ಕಾವಲಿನ ಗೈಗರ್ ನಳಿಗೆಗಳನ್ನು ನಿಲ್ಲಿಸಿ, ಹೊರಗಿನ ಕಿರಣವು ಕಾವಲುಗಾರನನ್ನು ಮುಟ್ಟಿ ಬಂದರೆ ಅದನ್ನು ಲೆಕ್ಕದಿಂದ ತೆಗೆದುಹಾಕುವ ಏರ್ಪಾಡನ್ನು ಮಾಡಿದನು. ಮಿನಿಟಿಗೆ ನೂರಾರು ಇದ್ದ ಹಿನ್ನೆಲೆಯು ಇದರಿಂದ ಐದರ ಸುತ್ತಿಗೆ ಇಳಿಯಿತು. ಕೋಲಾರದ ಚಿನ್ನದ ಗಣಿಯಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ೧೯೬೫ರಲ್ಲಿ ನ್ಯೂಟ್ರಿನೋ ಕಣಗಳ ಕುರುಹನ್ನು ಹಿಡಿದವರು ಇದೇ ಯುಕ್ತಿಯನ್ನು ಬೆಟ್ಟದಷ್ಟು ಪ್ರಮಾಣದಲ್ಲಿ ಉಪಯೋಗಿಸಿದರು. ಅವರ ಕಬ್ಬಿಣದ ಗೂಡು ಗಣಿಯ ಮೇಲಿನ ಬಂಡೆಯೇ.

ಭಾರತದಲ್ಲಿ ಈ ಕಾಲಗಣನೆಯನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ೧೯೬೦ರ ದಶಕದ ಆರಂಭದಲ್ಲಿ ಕೈಗೊಂಡಿತು. ಇದ್ದಿಲನ್ನು ಅನಿಲವಾಗಿ ಪರಿವರ್ತಿಸಿ ಎಣಿಸುವುದು ಅಲ್ಲಿಯ ಪದ್ಧತಿಯಾಗಿತ್ತು. ಕರ್ನಾಟಕ ವಿಶ್ವವಿದ್ಯಾನಿಲಯದ ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಉತ್ಖನನ ನಡೆಸಿ, ಅಲ್ಲಿಯ ಇದ್ದಿಲನ್ನು ಈ ಸಂಸ್ಥೆಗೆ ಕಳಿಸಿದರು. ನವಶಿಲಾಯುಗವು ಮುಗಿಯುತ್ತ ಕಬ್ಬಿಣವು ಕಾಣಿಸಿಕೊಳ್ಳುವ ಪದರಕ್ಕೆ ಕ್ರಿ. ಪೂ. ಸುಮಾರು ೧೦೦೦ ಎಂಬ ಕಾಲ ದೊರೆಯಿತು. ಇದರ ಮಹತ್ತ್ವವನ್ನು ಅರಿಯಬೇಕಾದರೆ, ೧೯೪೭ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್ ಅಲ್ಲಿಯ ಬೃಹತ್ ಶಿಲಾಸಮಾಧಿಗಳ ಕಬ್ಬಿಣದ ಸಂಸ್ಕೃತಿಗೆ ಕ್ರಿ. ಪೂ. ೨೦೦ರ ಸುಮಾರಿನ ಆರಂಭವನ್ನು ಹೇಳಿದ್ದನೆಂಬುದನ್ನು ನೆನೆಯಬೇಕು. ಎಂಟು ಶತಮಾನಗಳ ಅಂತರ! ಎಣಿಕೆಯಲ್ಲಿ ಶೇಕಡಾ ಒಂದರಷ್ಟು ತಪ್ಪಾದರೆ ಕಾಲದಲ್ಲಿ ಸುಮಾರು ೮೦ ವರ್ಷಗಳ ತಪ್ಪಾಗುತ್ತದೆ; ಎಂಟುನೂರು ವರ್ಷಗಳ ಅಂತರವನ್ನು ಅಳಿಸಬೇಕಾದರೆ ಶೇಕಡಾ ಹತ್ತರಷ್ಟು ತಪ್ಪಾಗಬೇಕು. ಹಳ್ಳೂರಿನ ತೀರ್ಮಾನವು ನಿಂತಿರುವುದು ಸಂಖ್ಯೆಯ ಸೂಕ್ಷ್ಮತೆಯ ಮೇಲಲ್ಲ, ಅಂತರದ ವಿಸ್ತಾರದ ಮೇಲೆ. ಹಿನ್ನೆಲೆಗಿಂತ ಎಣಿಕೆಯು ಬಹಳ ಮೇಲಿದ್ದಾಗ ಇತಿಹಾಸಕಾರನು ನಿಶ್ಚಿಂತನಾಗಿ ಮುಂದುವರಿಯಬಹುದು. ಚಿಂತೆ ಹುಟ್ಟುವುದು ಎಣಿಕೆಯು ಹಿನ್ನೆಲೆಗೆ ತಾಗಿದಾಗ.

ಅನಿಲದ ಪದ್ಧತಿಯ ಜೊತೆಜೊತೆಗೇ ಇನ್ನೊಂದು ಪದ್ಧತಿಯು ಬೆಳೆಯುತ್ತಿತ್ತು. ಕಿರಣವು ತಾಗಿದಾಗ ಕೆಲವು ಸಾವಯವ ಪದಾರ್ಥಗಳು ಕ್ಷಣಮಾತ್ರ ಮಿನುಗುತ್ತವೆ. ಈ ಮಿನುಗನ್ನು ವಿದ್ಯುತ್ ನಳಿಗೆಯಿಂದ ಹಿಡಿದು ಎಣಿಸಬಹುದೆಂದು ಬರ್ಲಿನ್ನಿನ ಬ್ರೋಸರ್ ಮತ್ತು ಕಾಲ್‌ಮನ್ ೧೯೪೭ರಲ್ಲಿ ನಾಫ್ತಲೀನ್ ಹರಳಿನಿಂದ ತೋರಿಸಿದರು. ದ್ರಾವಣಗಳೂ ಹೀಗೆಯೇ ಮಿನುಗುತ್ತವೆಂದು ೧೯೫೦ರಲ್ಲಿ ಕಾಲ್‌ಮನ್, ಮತ್ತು ಅವನಿಂದ ಬೇರೆಯಾಗಿ ರೆನಾಲ್ಡ್ಸ್, ಹ್ಯಾರಿಸನ್, ಸಾಲ್ವಿನಿ ಎಂಬವರು ಪ್ರಕಟಿಸಿದರು. ದ್ರವ-ಸ್ಫುರಣ ಎಣಿಕೆಯ ಜನನ ಇದು. ಹರಳಿಗಿಂತ ದ್ರವವು ಏಕೆ ಮೇಲೆಂದರೆ, ಪರೀಕ್ಷಿಸಬೇಕಾದ ವಸ್ತುವನ್ನು ದ್ರವದೊಳಗೇ ಕರಗಿಸಬಹುದು. ದುರ್ಬಲವಾದ ಬೀಟಾ ಕಣವು ಗಾಜನ್ನು ಭೇದಿಸಿ ಹೊರಬರಬೇಕಾಗಿಲ್ಲ. ಹುಟ್ಟಿದಲ್ಲಿಯೇ ಬೆಳಕನ್ನು ಚೆಲ್ಲುತ್ತದೆ. ಜೇಮ್ಸ್ ಆರ್ನಲ್ಡ್ ೧೯೫೪ರಲ್ಲಿ ಈ ಪದ್ಧತಿಯಿಂದ ನೈಸರ್ಗಿಕ ಇಂಗಾಲ-೧೪ನ್ನು ಎಣಿಸಿ ತೋರಿಸಿದನು. ತೂಕದಲ್ಲಿ ಶೇಕಡಾ ೯೨ರಷ್ಟು ಇಂಗಾಲವೇ ಆಗಿರುವ ಬೆಂಜೀನಾಗಿ ಇದ್ದಿಲನ್ನು ಮಾರ್ಪಡಿಸುವ ಕ್ರಮವು ಬಳಿಕ ಬಂದಿತು.

ಈ ಯಂತ್ರದ ಶತ್ರು ಅದರೊಳಗೇ ಇದ್ದಿತು. ಬೆಳಕನ್ನು ಹಿಡಿಯುವ ನಳಿಗೆಯು ಕತ್ತಲಲ್ಲಿಯೂ ತನ್ನಷ್ಟಕ್ಕೆ ತಾನೇ ಮಿಡಿಯುತ್ತದೆ. ಒಂದೇ ಶೀಶೆಯನ್ನು ಎರಡು ನಳಿಗೆಗಳಿಂದ ನೋಡಿ, ಎರಡೂ ಏಕಕಾಲಕ್ಕೆ ಮಿಡಿದರೆ ಮಾತ್ರ ಎಣಿಸುವುದು ಇದಕ್ಕೆ ಕಂಡುಕೊಂಡ ಪರಿಹಾರ. ಒಬ್ಬನ ಸಾಕ್ಷಿ ಸಾಲದು, ಇಬ್ಬರದು ಬೇಕು ಎಂಬ ನ್ಯಾಯಾಸ್ಥಾನದ ಪದ್ಧತಿ. ಮೊದಮೊದಲು ನಳಿಗೆಗಳ ಗದ್ದಲವನ್ನು ತಗ್ಗಿಸಲು ಇಡೀ ಯಂತ್ರವನ್ನು ಶೀತಲಪೆಟ್ಟಿಗೆಯಲ್ಲಿ ಇರಿಸುತ್ತಿದ್ದರು. ೧೯೫೦ರ ದಶಕದ ಮೊದಲರ್ಧದಲ್ಲಿ ಅಮೇರಿಕೆಯ ಪ್ಯಾಕರ್ಡ್ ಸಂಸ್ಥೆಯು ಮಾರಾಟಕ್ಕೆ ತಂದ ಯಂತ್ರಕ್ಕೆ "ಟ್ರೈ-ಕಾರ್ಬ್" ಎಂದು ಹೆಸರಿಟ್ಟಿತು. ಟ್ರಿಟಿಯಂ ಮತ್ತು ಕಾರ್ಬನ್ ಎರಡನ್ನೂ ಆ ಒಂದು ಹೆಸರು ಒಳಗೊಂಡಿದೆ. ಮಿಶ್ರಣದ ಸಮಸ್ಯೆ ಯಂತ್ರದ ನಾಮಕರಣದ ದಿನದಿಂದಲೇ ಅದರೊಡನಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಟ್ರಿಟಿಯಂ ಜಲಜನಕದ ಮೂರನೆಯ ರೂಪ. ಅರ್ಧಾಯುಷ್ಯ ೧೨ ವರ್ಷಕ್ಕೆ ತುಸು ಹೆಚ್ಚು. ಅದರ ಬೀಟಾ ಕಣದ ಪರಮಾವಧಿ ಶಕ್ತಿ ೧೮.೬ ಕಿಲೋ-ಎಲೆಕ್ಟ್ರಾನ್-ವೋಲ್ಟ್, ಸರಾಸರಿ ೬ಕ್ಕೂ ಕಡಿಮೆ. ಇಂಗಾಲ-೧೪ರ ಕಣದ ಪರಮಾವಧಿ ಶಕ್ತಿ ೧೫೬. ಹೀಗಿರುವುದರಿಂದ ೧೮.೬ಕ್ಕಿಂತ ಮೇಲಿನ ಮಿನುಗುಗಳನ್ನು ಒಂದು ಕಿಂಡಿಯಲ್ಲಿಯೂ ಕೆಳಗಿನವನ್ನು ಇನ್ನೊಂದು ಕಿಂಡಿಯಲ್ಲಿಯೂ ಎಣಿಸಿದರೆ, ಮೇಲಿನ ಕಿಂಡಿಯಲ್ಲಿ ಇಂಗಾಲ ಮಾತ್ರ ಕಾಣುತ್ತದೆ. ಕೆಳಗಿನ ಕಿಂಡಿಯಲ್ಲಿ ಮಾತ್ರ ಎರಡೂ ಬೆರೆತಿರುತ್ತವೆ. ಏಕೆಂದರೆ ಬೀಟಾ ಕಣಗಳು ಒಂದೇ ಶಕ್ತಿಯಿಂದ ಹೊರಡುವುದಿಲ್ಲ; ಸೊನ್ನೆಯಿಂದ ಪರಮಾವಧಿಯವರೆಗೆ ಹರಡಿರುತ್ತವೆ. ಶುದ್ಧ ಇಂಗಾಲ-೧೪ರ ಮಾದರಿಯನ್ನು ಮೊದಲು ಎಣಿಸಿ, ಅದರ ಎಷ್ಟು ಪಾಲು ಕೆಳಗಿನ ಕಿಂಡಿಗೆ ಸೋರುತ್ತದೆಂದು ತಿಳಿದುಕೊಂಡು, ಆ ಪಾಲನ್ನು ಕಳೆಯಬೇಕು. ಉಳಿದದ್ದು ಟ್ರಿಟಿಯಂ.

ಕಾಗದದ ಮೇಲೆ ಇದು ಶಾಲಾಬಾಲಕನ ವ್ಯವಕಲನ. ಪ್ರಯೋಗಶಾಲೆಯಲ್ಲಿ ಹಾಗಲ್ಲ. ನೀರು, ಆಮ್ಲಜನಕ, ಬಣ್ಣ, ಉಪ್ಪು ಇವು ಶೀಶೆಯೊಳಗಿನ ಬೆಳಕನ್ನು ಕುಗ್ಗಿಸುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಕ್ವೆಂಚಿಂಗ್ ಎನ್ನುತ್ತಾರೆ. ನಾವಿಲ್ಲಿ ಕಾಂತಿಕ್ಷಯವೆಂದು ಕರೆಯೋಣ. ಬೆಳಕು ಕುಗ್ಗಿದಾಗ ಇಂಗಾಲದ ಪ್ರಬಲ ಮಿನುಗೂ ದುರ್ಬಲವಾಗಿ ಕಂಡು ಕೆಳಗಿನ ಕಿಂಡಿಗೆ ಜಾರುತ್ತದೆ; ಟ್ರಿಟಿಯಂನ ಮಿನುಗಾದರೋ ಕಿಂಡಿಯಿಂದಲೇ ಮಾಯವಾಗುತ್ತದೆ. ಒಂದು ಹುಸಿಯಾಗಿ ಹೆಚ್ಚುತ್ತದೆ, ಇನ್ನೊಂದು ಹುಸಿಯಾಗಿ ಕುಗ್ಗುತ್ತದೆ. ಟೊಲ್ಯುಯೀನಿನಂಥ ದ್ರಾವಕದಲ್ಲಿ ನೀರು ಬೆರೆಯುವುದೇ ಇಲ್ಲವಾದ್ದರಿಂದ ಮೊದಲ ದಶಕದಲ್ಲಿ ನೀರಿನ ಎಣಿಕೆ ಬಲು ಕಷ್ಟವಾಗಿತ್ತು. ೧೯೬೦ರಲ್ಲಿ ಬ್ರೇ ಎಂಬಾತನು ಡಯಾಕ್ಸೇನಿನ ದ್ರಾವಣವೊಂದನ್ನು ಸೂಚಿಸಿದ ಮೇಲೆ, ಬಳಿಕ ಸಾಬೂನಿನಂತೆ ನೀರನ್ನೂ ಎಣ್ಣೆಯನ್ನೂ ಕೂಡಿಸುವ ಪದಾರ್ಥಗಳು ಬಂದ ಮೇಲೆ, ನೀರು ಮತ್ತು ಮೂತ್ರದ ಪರೀಕ್ಷೆ ನಿತ್ಯದ ಕೆಲಸವಾಯಿತು. ಮೂತ್ರದ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅದರ ಹಳದಿ ಬಣ್ಣವು ನೀಲಿ ಮಿನುಗನ್ನು ನುಂಗುತ್ತದೆ. ಮೇಲಾಗಿ ಆರೋಗ್ಯವಂತನ ಮೂತ್ರದಲ್ಲಿಯೂ ಪೊಟಾಸಿಯಂ ಇರುತ್ತದೆ. ಒಂದು ಗ್ರಾಂ ಪೊಟಾಸಿಯಂನಲ್ಲಿ ಸೆಕೆಂಡಿಗೆ ಸುಮಾರು ೩೧ ಪರಮಾಣುಗಳು ಒಡೆಯುತ್ತವೆ. ಅಂದಮೇಲೆ ಮಿಶ್ರಣವಲ್ಲದ ಮಾದರಿ ಎಂಬುದೇ ಲೋಕದಲ್ಲಿ ದುರ್ಲಭ. ಇದಕ್ಕಾಗಿಯೇ ಸೂಕ್ಷ್ಮ ಪರೀಕ್ಷೆಗೆ ಮೂತ್ರವನ್ನೂ ನೀರನ್ನೂ ಮೊದಲು ಬಟ್ಟಿಯಿಳಿಸುತ್ತಾರೆ. ಉಪ್ಪು, ಬಣ್ಣ, ಪೊಟಾಸಿಯಂಗಳು ಪಾತ್ರೆಯ ತಳದಲ್ಲಿ ಉಳಿಯುತ್ತವೆ.

ಈಗ ಮಿತಿಯ ಪ್ರಶ್ನೆಗೆ ಬರೋಣ. ಎಷ್ಟು ಕಡಿಮೆಯಿದ್ದರೆ "ಕಂಡಿತು" ಎನ್ನಬಹುದು? ೧೯೬೮ರವರೆಗೆ ಈ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಹಿನ್ನೆಲೆಯ ಏರಿಳಿತದ ಎರಡು ಪಟ್ಟು ಎಂದು ಕೆಲವರು, ಮೂರು ಪಟ್ಟು ಎಂದು ಕೆಲವರು, ಹಿನ್ನೆಲೆಗೇ ಸಮನಾಗಿರಬೇಕೆಂದು ಮತ್ತೆ ಕೆಲವರು. ಆ ವರ್ಷ ಅಮೇರಿಕೆಯ ರಾಷ್ಟ್ರೀಯ ಮಾನಕ ಸಂಸ್ಥೆಯ ಲಾಯ್ಡ್ ಕರಿ ಈ ವ್ಯಾಖ್ಯೆಗಳನ್ನೆಲ್ಲ ಒಂದೇ ಕಲ್ಪಿತ ಅಳತೆಗೆ ಅನ್ವಯಿಸಿ ನೋಡಿದನು. ದೊರೆತ ಮಿತಿಗಳು ಹೆಚ್ಚುಕಡಿಮೆ ಸಾವಿರ ಪಟ್ಟಿನಷ್ಟು ಹರಡಿಕೊಂಡಿದ್ದವು! ಒಂದೇ ಶೀಶೆಯಲ್ಲಿ ಒಬ್ಬನಿಗೆ ದ್ರವ್ಯವಿದೆ, ಇನ್ನೊಬ್ಬನಿಗೆ ಇಲ್ಲ.

ಕರಿಯ ಹಿರಿಮೆಯಿರುವುದು ಸೂತ್ರದಲ್ಲಲ್ಲ, ಒಂದು ಪ್ರಶ್ನೆಯನ್ನು ಮೂರಾಗಿ ಒಡೆದು ನೋಡಿದ್ದರಲ್ಲಿ ಎಂದು ನನ್ನ ಅಭಿಪ್ರಾಯ. ಎಣಿಸಿಯಾದ ಮೇಲೆ "ಇದೆ" ಎನ್ನಲು ಎಷ್ಟು ಬೇಕು? ಇದು ನಿರ್ಣಾಯಕ ಮಟ್ಟ. ಎಣಿಸುವ ಮೊದಲೇ, "ಇಷ್ಟಿದ್ದರೆ ನನ್ನ ಯಂತ್ರ ತಪ್ಪಿಸಿಕೊಳ್ಳಲು ಬಿಡುವುದಿಲ್ಲ" ಎಂದು ಭರವಸೆಯಿಂದ ಹೇಳಲು ಎಷ್ಟು ಬೇಕು? ಇದು ಪತ್ತೆಯ ಮಿತಿ. "ಇಷ್ಟೇ ಇದೆ" ಎಂದು ಪ್ರಮಾಣವನ್ನು ಹೇಳಲು ಎಷ್ಟು ಬೇಕು? ಇದು ನಿರ್ಧಾರದ ಮಿತಿ. ಹಿನ್ನೆಲೆಯ ಎಣಿಕೆ ಇಂತಿಷ್ಟೆಂದು ಇರಲಿ. ಅದರ ವರ್ಗಮೂಲವನ್ನು ೨.೩೩ರಿಂದ ಗುಣಿಸಿದರೆ ಮೊದಲನೆಯದು, ೪.೬೫ರಿಂದ ಗುಣಿಸಿ ೨.೭೧ ಕೂಡಿಸಿದರೆ ಎರಡನೆಯದು.

ಉದಾಹರಣೆಗೆ ಒಂದು ಕಲ್ಪಿತ ಎಣಿಕೆಯನ್ನು ತೆಗೆದುಕೊಳ್ಳೋಣ. ಎಂಟು ಮಿಲಿಲೀಟರು ನೀರು; ನೂರು ಮಿನಿಟುಗಳ ಎಣಿಕೆ; ಟ್ರಿಟಿಯಂ ಕಿಂಡಿಯಲ್ಲಿ ಹಿನ್ನೆಲೆ ಮಿನಿಟಿಗೆ ಐದು; ಒಡೆಯುವ ನಾಲ್ಕು ಪರಮಾಣುಗಳಲ್ಲಿ ಯಂತ್ರ ಕಾಣುವುದು ಒಂದನ್ನು. ಹಿನ್ನೆಲೆಯು ಒಟ್ಟು ೫೦೦; ಅದರ ವರ್ಗಮೂಲ ೨೨ಕ್ಕೆ ಸ್ವಲ್ಪ ಮೇಲೆ. ನಿರ್ಣಾಯಕ ಮಟ್ಟವು ೫೨ ಎಣಿಕೆ, ಪತ್ತೆಯ ಮಿತಿಯು ೧೦೭ ಎಣಿಕೆ. ಇವನ್ನು ನೀರಿನ ಲೆಕ್ಕಕ್ಕೆ ತಂದರೆ ಲೀಟರಿಗೆ ಕ್ರಮವಾಗಿ ೪.೩ ಮತ್ತು ಸುಮಾರು ೯ ಬೆಕೆರೆಲ್; ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್. ಪ್ರಮಾಣವನ್ನು ಶೇಕಡಾ ಹತ್ತರ ತಪ್ಪಿನೊಳಗೆ ಹೇಳಬೇಕಾದರೆ ಸುಮಾರು ೩೧ ಬೆಕೆರೆಲ್ ಇರಬೇಕು. ಇದೇ ಶೀಶೆಯಲ್ಲಿ ಇಂಗಾಲ-೧೪ ಬೆರೆತು, ಕೆಳಗಿನ ಕಿಂಡಿಗೆ ೨೦೦೦, ಮೇಲಿನ ಕಿಂಡಿಗೆ ೪೦೦೦ ಎಣಿಕೆಗಳನ್ನು ತಂದಿತೆನ್ನಿ. ಆ ೨೦೦೦ವನ್ನು ಕಳೆದುಬಿಡಬಹುದು. ಅದರ ಏರಿಳಿತವನ್ನು ಕಳೆಯಲು ಬರುವುದಿಲ್ಲ. ಮೇಲಿನ ಕಿಂಡಿಯ ಏರಿಳಿತವೂ ಅದಕ್ಕೆ ಸೇರುತ್ತದೆ. ಲೆಕ್ಕ ಹಾಕಿದರೆ ಟ್ರಿಟಿಯಂನ ಪತ್ತೆಯ ಮಿತಿಯು ೯ರಿಂದ ೧೭-೧೮ಕ್ಕೆ ಏರುತ್ತದೆ. ಯಂತ್ರವು ಅದೇ, ನೀರು ಅದೇ, ಎಣಿಸುವವನೂ ಅವನೇ. ನೆರೆಯವನ ಗದ್ದಲದಿಂದ ಕಿವಿ ಮಂದವಾಯಿತು, ಅಷ್ಟೆ. ಕಾಂತಿಕ್ಷಯವನ್ನೂ ಗಣಿಸಿದರೆ ಮಿತಿಯು ಇನ್ನೂ ಮೇಲೇರುತ್ತದೆ.

ಇದು ಕೇವಲ ಪಾಠದ ಉದಾಹರಣೆಯಲ್ಲ. ಭಾರಜಲವನ್ನು ಬಳಸುವ ಅಣುಸ್ಥಾವರದಲ್ಲಿ ಈ ಎರಡೂ ದ್ರವ್ಯಗಳು ಒಟ್ಟಿಗೇ ಹುಟ್ಟುತ್ತವೆ. ಭಾರಜಲದ ಜಲಜನಕವು ನ್ಯೂಟ್ರಾನನ್ನು ನುಂಗಿ ಟ್ರಿಟಿಯಂ ಆಗುತ್ತದೆ. ಅದೇ ನೀರಿನ ಆಮ್ಲಜನಕದ ಒಂದು ವಿರಳ ರೂಪವು ನ್ಯೂಟ್ರಾನನ್ನು ನುಂಗಿ ಇಂಗಾಲ-೧೪ನ್ನು ಕೊಡುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಬಳಿ, ಇಂಥ ನಾಲ್ಕು ಘಟಕಗಳಿವೆ. ಪ್ರತಿಯೊಂದೂ ೨೨೦ ಮೆಗಾವಾಟಿನದು. ಮೊದಲಿನ ಎರಡು ೨೦೦೦ದಲ್ಲಿಯೂ, ಮೂರನೆಯದು ೨೦೦೭ರಲ್ಲಿಯೂ, ನಾಲ್ಕನೆಯದು ೨೦೧೧ರಲ್ಲಿಯೂ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಒಂದನೆಯ ಘಟಕವು ೨೦೧೮ರ ಕೊನೆಗೆ ೯೬೨ ದಿನಗಳ ನಿರಂತರ ಚಾಲನೆಯ ವಿಶ್ವದಾಖಲೆಯನ್ನು ಸ್ಥಾಪಿಸಿತು. ಈ ಯೋಜನೆಯನ್ನು ವಿರೋಧಿಸಿದವರಲ್ಲಿ ಡಾ. ಶಿವರಾಮ ಕಾರಂತರು ಅಗ್ರಗಣ್ಯರೆಂಬುದು ವಾಚಕರಿಗೆ ವಿದಿತವೇ ಇದೆ. ಆ ವಾದವಿವಾದದ ಗುಣದೋಷಗಳನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ಆದರೆ ಎರಡೂ ಪಕ್ಷದವರು ನಾಳೆ ಸಾಕ್ಷಿಯಾಗಿ ತರುವುದು ಎಣಿಕೆಯ ಪುಸ್ತಕಗಳನ್ನೇ ಎಂಬುದು ನಿಶ್ಚಯ. ಸ್ಥಾವರವು ಚಾಲನೆಗೊಳ್ಳುವ ಮೊದಲಿನ ನೈಸರ್ಗಿಕ ವಿಕಿರಣದ ಸ್ಥಿತಿಯನ್ನು ಮಂಗಳೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಅಳೆದು ಪ್ರಕಟಿಸಿದ್ದು ಈ ದೃಷ್ಟಿಯಿಂದ ಬಹಳ ಬೆಲೆಯುಳ್ಳ ಕಾರ್ಯ. ಹಿನ್ನೆಲೆಯನ್ನು ಅಳೆಯದೆ ಹೋದವನು ಮುಂದೆ ಯಾವುದನ್ನೂ ಕಳೆಯಲಾರನು.

೨೦೦೯ರ ನವೆಂಬರಿನಲ್ಲಿ ಕೈಗಾದ ಕೆಲಸಗಾರರ ಮೂತ್ರದ ವಾಡಿಕೆಯ ಪರೀಕ್ಷೆಯಲ್ಲಿ ಟ್ರಿಟಿಯಂ ಮಿತಿಮೀರಿ ಕಂಡಿತು. ಹುಡುಕುತ್ತ ಹೋದಾಗ, ಕುಡಿಯುವ ನೀರಿನ ಒಂದು ಶೀತಕ ಯಂತ್ರಕ್ಕೆ ಟ್ರಿಟಿಯಂಯುಕ್ತ ಭಾರಜಲವನ್ನು ಯಾರೋ ಬೆರೆಸಿದ್ದರೆಂದು ತಿಳಿದುಬಂದಿತು. ಐವತ್ತಕ್ಕೂ ಹೆಚ್ಚು ಮಂದಿ ಅದನ್ನು ಕುಡಿದಿದ್ದರು. ಮೂತ್ರವನ್ನು ಹೆಚ್ಚಿಸುವ ಔಷಧಗಳಿಂದ ಅವರಿಗೆ ಚಿಕಿತ್ಸೆ ನಡೆಯಿತು. ಟ್ರಿಟಿಯಂಯುಕ್ತ ನೀರಿನ ಅರ್ಧಭಾಗವು ಸುಮಾರು ಹತ್ತು ದಿನಗಳಲ್ಲಿ ದೇಹದಿಂದ ಹೊರಟುಹೋಗುತ್ತದೆ, ಔಷಧವು ಆ ಅವಧಿಯನ್ನು ತಗ್ಗಿಸುತ್ತದೆ. ಇಲ್ಲಿ ಪತ್ತೆಯ ಮಿತಿಯ ಪ್ರಶ್ನೆಯೇ ಏಳಲಿಲ್ಲವೆಂಬುದನ್ನು ಗಮನಿಸಬೇಕು. ಟ್ರಿಟಿಯಂ ದೇಹದ ಸುಮಾರು ೪೨ ಲೀಟರು ನೀರಿನಲ್ಲಿ ಸಮನಾಗಿ ಬೆರೆಯುತ್ತದೆ; ಒಂದು ಸಲ ಕುಡಿದವನ ಮೂತ್ರದಲ್ಲಿ ಲೀಟರಿಗೆ ಹತ್ತು ಲಕ್ಷ ಬೆಕೆರೆಲ್ ಕಂಡರೂ ಅವನಿಗೆ ತಗಲುವ ಒಟ್ಟು ವಿಕಿರಣವು ಒಂದು ಮಿಲಿಸೀವರ್ಟಿಗಿಂತ ಕಡಿಮೆ. ನಮ್ಮ ದೇಶದಲ್ಲಿ ಅಣುಕಾರ್ಮಿಕನಿಗೆ ವಿಧಿಸಿದ ವಾರ್ಷಿಕ ಮಿತಿ ೩೦ ಮಿಲಿಸೀವರ್ಟ್. ನಮ್ಮ ಉದಾಹರಣೆಯ ಯಂತ್ರಕ್ಕೆ ಒಂಬತ್ತು ಬೆಕೆರೆಲ್ಲೇ ಸಾಕು. ಲಕ್ಷ ಪಟ್ಟು ಅಂತರವಿದ್ದಲ್ಲಿ ಕಿಂಡಿ, ಸೋರಿಕೆ, ವರ್ಗಮೂಲಗಳ ಚರ್ಚೆಗೆ ಎಡೆಯಿಲ್ಲ. ಆ ಪ್ರಸಂಗದಲ್ಲಿ ಕೆಲಸಕ್ಕೆ ಬಂದದ್ದು ಯಂತ್ರದ ಸೂಕ್ಷ್ಮತೆಯಲ್ಲ. ತಪ್ಪದೆ ಪರೀಕ್ಷಿಸುವ ವಾಡಿಕೆ. ಹಳ್ಳೂರಿನ ಎಂಟುನೂರು ವರ್ಷಗಳ ಅಂತರದಂತೆಯೇ ಇದೂ ನಿಸ್ಸಂದಿಗ್ಧ.

ಸಂದಿಗ್ಧವಿರುವುದು ಸ್ಥಾವರದ ಹೊರಗಿನ ಬಾವಿ, ಹೊಳೆ, ಮಳೆಯ ನೀರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನ ಟ್ರಿಟಿಯಂಗೆ ಸೂಚಿಸಿದ ಮಟ್ಟ ಲೀಟರಿಗೆ ೧೦,೦೦೦ ಬೆಕೆರೆಲ್. ಪರಿಸರದ ಅಳತೆಗಳು ನಡೆಯುವುದು ಅದರ ಬಹು ಕೆಳಗೆ, ಯಂತ್ರದ ಮಿತಿಯ ಆಸುಪಾಸಿನಲ್ಲಿ. ಇಂಥ ಕೋಷ್ಟಕಗಳಲ್ಲಿ "ಪತ್ತೆಯ ಮಿತಿಗಿಂತ ಕಡಿಮೆ" ಎಂಬ ನಮೂದು ಲೋಕದ ಎಲ್ಲ ದೇಶಗಳ ವರದಿಗಳಲ್ಲಿಯೂ ಸಾಲುಸಾಲಾಗಿ ದೊರೆಯುತ್ತದೆ. ಓದುಗನು ಅದನ್ನು "ಇಲ್ಲ" ಎಂದು ಓದುತ್ತಾನೆ. ಮಳೆಯ ನೀರನ್ನೇ ತೆಗೆದುಕೊಳ್ಳಿ. ವಿಶ್ವಕಿರಣಗಳು ವಾಯುಮಂಡಲದಲ್ಲಿ ಟ್ರಿಟಿಯಂ ಹುಟ್ಟಿಸುತ್ತಲೇ ಇರುತ್ತವೆ. ೧೯೬೩ರ ಸುಮಾರಿಗೆ ಅಣುಬಾಂಬುಗಳ ಪರೀಕ್ಷೆಗಳಿಂದ ಅದು ಉತ್ತರ ಗೋಲಾರ್ಧದ ಮಳೆಯಲ್ಲಿ ಶಿಖರವನ್ನು ಮುಟ್ಟಿ ಇಳಿಯಿತು. ಇಂದಿನ ಮಳೆಯಲ್ಲಿ ಅದು ಲೀಟರಿಗೆ ಒಂದು ಬೆಕೆರೆಲ್ಲಿನ ಒಳಗೇ ಇರುತ್ತದೆ. ಆದರೂ ಇದೆ. ನಮ್ಮ ಉದಾಹರಣೆಯ ಯಂತ್ರಕ್ಕೆ ಬಾಗಲಕೋಟೆಯ ಮಳೆಯ ನೀರನ್ನು ಕೊಟ್ಟರೆ ಅದು "ಮಿತಿಗಿಂತ ಕಡಿಮೆ" ಎನ್ನುವುದು. ವಿದ್ಯುದ್ವಿಭಜನೆಯಿಂದ ನೀರನ್ನು ಕುಗ್ಗಿಸಿದರೆ ಹಗುರವಾದ ಜಲಜನಕವು ಮೊದಲು ಹೊರಟುಹೋಗಿ ಟ್ರಿಟಿಯಂ ಹಿಂದುಳಿಯುತ್ತದೆ. ಹೀಗೆ ಸಾಂದ್ರೀಕರಿಸಿ ಎಣಿಸಿದವನು ಅದೇ ನೀರಿನಲ್ಲಿ ಅದನ್ನು ಕಾಣುವನು. ಇಬ್ಬರೂ ಸತ್ಯವನ್ನೇ ಹೇಳಿದರು.

ಇತಿಹಾಸಕಾರನಿಗೆ ಇದರಿಂದ ಒದಗುವ ತೊಂದರೆಯನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇನೆ. ಐದು ಬಾವಿಗಳು, ಮಿತಿ ೯ ಬೆಕೆರೆಲ್. ಎರಡರಲ್ಲಿ ೧೨ ಮತ್ತು ೧೪ ಕಂಡಿತು, ಮೂರರಲ್ಲಿ "ಮಿತಿಗಿಂತ ಕಡಿಮೆ". ಸರಾಸರಿಯೆಷ್ಟು? ಕಾಣದ್ದನ್ನು ಸೊನ್ನೆಯೆಂದರೆ ೫.೨; ಮಿತಿಯ ಅರ್ಧವೆಂದರೆ ೭.೯, ಮಿತಿಯೇ ಎಂದರೆ ೧೦.೬. ಬಾವಿಯ ನೀರು ಬದಲಾಗಲಿಲ್ಲ, ಸಂಖ್ಯೆಯು ಇಮ್ಮಡಿಯಾಯಿತು. ಕಾಣದಲ್ಲಿ ಮಿತಿಯನ್ನೇ ಬರೆಯುವ ರೂಢಿಯಿದ್ದ ಪ್ರಯೋಗಶಾಲೆಯು ಹತ್ತು ವರ್ಷಗಳ ಬಳಿಕ ಒಳ್ಳೆಯ ಯಂತ್ರವನ್ನು ಕೊಂಡು ಮಿತಿಯನ್ನು ೨ಕ್ಕೆ ಇಳಿಸಿದರೆ, ಸರಾಸರಿಯು ಇಳಿದಂತೆ ಕಾಣುವುದು. ಸ್ಥಿತಿ ಸುಧಾರಿಸಿತೆಂದು ಒಬ್ಬನು ಬರೆಯುವನು. "ಕಂಡ" ಬಾವಿಗಳ ಸಂಖ್ಯೆಯನ್ನು ಮಾತ್ರ ನೋಡಿದ ಇನ್ನೊಬ್ಬನು ಸ್ಥಿತಿ ಕೆಟ್ಟಿತೆಂದು ಬರೆಯುವನು. ಬದಲಾದದ್ದು ಯಂತ್ರ ಮಾತ್ರ.

ಕರಿಯ ಮೊದಲಿನ ಎರಡು ಮಟ್ಟಗಳನ್ನು ಒಂದರ ಬದಲು ಒಂದನ್ನು ಬಳಸುವ ಅಭ್ಯಾಸವೂ ಇದಕ್ಕೆ ಸೇರಿದೆ. ಮೇಲಿನ ಉದಾಹರಣೆಯಲ್ಲಿ ಒಂದು ನೀರು ಹಿನ್ನೆಲೆಯನ್ನು ಕಳೆದು ೮೦ ಎಣಿಕೆ ಕೊಟ್ಟಿತೆನ್ನಿ. ಅದು ೫೨ಕ್ಕಿಂತ ಹೆಚ್ಚು. ಆದ್ದರಿಂದ "ಇದೆ" ಎನ್ನಬೇಕು. ಆದರೆ ೧೦೭ಕ್ಕಿಂತ ಕಡಿಮೆಯೆಂದು ಅನೇಕರು ಅದನ್ನು "ಮಿತಿಗಿಂತ ಕಡಿಮೆ" ಎಂಬ ಕೋಣೆಗೆ ತಳ್ಳುತ್ತಾರೆ. ಪತ್ತೆಯ ಮಿತಿಯು ಯಂತ್ರದ ಯೋಗ್ಯತೆಯನ್ನು ಮುಂಚಿತವಾಗಿ ಹೇಳುವ ಮಾತು. ಬಂದ ಫಲಿತವನ್ನು ತೀರ್ಮಾನಿಸುವ ತಕ್ಕಡಿಯಲ್ಲ. ವಿರುದ್ಧ ದಿಕ್ಕಿನ ಎಚ್ಚರವೂ ಬೇಕು. ನಿರ್ಣಾಯಕ ಮಟ್ಟವನ್ನು ನೂರಕ್ಕೆ ಐದು ತಪ್ಪುಗಳನ್ನು ಒಪ್ಪಿಕೊಂಡೇ ಗೊತ್ತುಮಾಡಿದೆ. ಟ್ರಿಟಿಯಂನ ಲೇಶವೂ ಇಲ್ಲದ ಇಪ್ಪತ್ತು ಶೀಶೆಗಳನ್ನು ಎಣಿಸಿದರೆ ಸರಾಸರಿ ಒಂದು "ಇದೆ" ಎಂದು ಹೇಳಿಯೇ ತೀರುತ್ತದೆ. ಆ ಒಂದನ್ನು ಹಿಡಿದು ಊರಿಗೆ ಊರೇ ಹೆದರುವುದೂ ಸರಿಯಲ್ಲ, ಆ ಒಂದು ಬಂದಿತೆಂದು ಎಣಿಕೆಯ ಪುಸ್ತಕದಿಂದ ಹಾಳೆಯನ್ನು ಕಿತ್ತುಹಾಕುವುದೂ ಸರಿಯಲ್ಲ. ಮತ್ತೆ ಎಣಿಸಬೇಕು.

ಈ ತೊಡಕಿಗೆ ಮದ್ದು ಹೊಸ ಯಂತ್ರವಲ್ಲ, ಅಗಲವಾದ ಕೋಷ್ಟಕ. "ಮಿತಿಗಿಂತ ಕಡಿಮೆ" ಎಂದು ಬರೆಯುವ ಸ್ಥಳದಲ್ಲಿ, ಹಿನ್ನೆಲೆಯನ್ನು ಕಳೆದು ಬಂದ ಸಂಖ್ಯೆಯನ್ನೇ, ಅದು ಸೊನ್ನೆಗಿಂತ ಕೆಳಗಿದ್ದರೂ, ಬರೆಯಬೇಕು. ಋಣಸಂಖ್ಯೆಯನ್ನು ಕಂಡು ವಿದ್ಯಾರ್ಥಿಗಳು ನಗುವುದುಂಟು. ನೀರಿನಲ್ಲಿ ಸೊನ್ನೆಗಿಂತ ಕಡಿಮೆ ಟ್ರಿಟಿಯಂ ಇರುವುದೆಂತು ಎಂದು. ಇರಲಾರದು ನಿಜ. ಆದರೆ ಹಿನ್ನೆಲೆಯ ಏರಿಳಿತವು ಅರ್ಧ ಸಲ ಮೇಲಕ್ಕೂ ಅರ್ಧ ಸಲ ಕೆಳಕ್ಕೂ ಹೋಗುವುದರಿಂದ, ಕೆಳಗಿನವನ್ನು ಅಳಿಸಿದವನ ಸರಾಸರಿಯು ಎಂದೂ ಮೇಲಕ್ಕೇ ವಾಲಿರುತ್ತದೆ. ಮಿಶ್ರ ಮಾದರಿಯಲ್ಲಿ ಈ ಸಂಖ್ಯೆಯೊಂದೂ ಸಾಲದು. ಎರಡೂ ಕಿಂಡಿಗಳ ಒಟ್ಟು ಎಣಿಕೆ, ಎರಡರ ಹಿನ್ನೆಲೆ, ಎಣಿಸಿದ ಮಿನಿಟುಗಳು, ಶೀಶೆಯ ನೀರಿನ ಪ್ರಮಾಣ, ಕಾಂತಿಕ್ಷಯದ ಸೂಚ್ಯಂಕ, ಇಂಗಾಲದ ಸೋರಿಕೆಯ ಪಾಲು ಇವಿಷ್ಟೂ ಇದ್ದರೆ, ಐವತ್ತು ವರ್ಷಗಳ ಬಳಿಕ ಬರುವ ಅಭ್ಯಾಸಿಯು ತನ್ನ ಕಾಲದ ನ್ಯಾಯಕ್ಕೆ ಅನುಗುಣವಾಗಿ ಮತ್ತೆ ಲೆಕ್ಕ ಹಾಕಿಕೊಳ್ಳಬಲ್ಲನು. ಬಂಡೆಯ ಶಾಸನವನ್ನು ಓದುವವನು ಅಳಿಸಿದ ಅಕ್ಷರಗಳ ಸ್ಥಳವನ್ನು ಖಾಲಿ ಬಿಟ್ಟು, ಎಷ್ಟು ಅಕ್ಷರಗಳು ಹೋಗಿವೆಯೆಂದು ಚುಕ್ಕೆಗಳಿಂದ ಗುರುತಿಸುತ್ತಾನೆ. ತಾನು ಓದಲಾರದ್ದನ್ನು ಇಲ್ಲವೆಂದು ಬರೆದು ಮುಂದಿನ ಸಾಲಿಗೆ ಹೋಗುವುದಿಲ್ಲ. ಐಹೊಳೆ-ಬಾದಾಮಿಗಳ ಶಾಸನಗಳನ್ನು ಓದಿ ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ಕ್ರಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಖ್ಯಾಡದ ಪ್ರಶ್ನೆಗೆ ಹಿಂದಿರುಗುವುದಾದರೆ, ಅಲ್ಲಿ ಇದ್ದಿಲು ದೊರೆತು, ಪ್ರಯೋಗಶಾಲೆಯು "ಗಿಂತ ಹಳೆಯದು" ಎಂದು ಬರೆದು ಕಳಿಸಿದರೆ, ವಿದ್ಯಾರ್ಥಿಯು ಮರುಟಪಾಲಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಗ್ರಾಂ ಇಂಗಾಲವನ್ನು ಎಣಿಸಿದಿರಿ, ಎಷ್ಟು ಮಿನಿಟು ಎಣಿಸಿದಿರಿ, ಆ ದಿನ ಬರಿಯ ಶೀಶೆ ಎಷ್ಟು ಎಣಿಸಿತು?